ಕರಿಬಸವಯ್ಯನವರಿಗೆ ಬಿದ್ದ ಎರಡು ಗೀಟು

ಲಗ್ನಪತ್ರಿಕೆಯಲ್ಲಿ ತಪ್ಪಾಗುವುದು ಹೊಸದೇನಲ್ಲ. ವರನ ಹೆಸರಿನ ಒತ್ತಕ್ಷರ ಹಾರಿಹೋಗುತ್ತದೆ, ಮಿಥುನ ಲಗ್ನ ಮೀನವಾಗುತ್ತದೆ, ಸೋದರಮಾವನ ಹೆಸರು ಬಿಟ್ಟುಹೋಗಿ ಮದುವೆಗೆ ಮೊದಲೇ ಮುನಿಸು ಶುರುವಾಗುತ್ತದೆ. ಇವೆಲ್ಲ ಜನ ನಾಲ್ಕು ದಿನ ಆಡಿಕೊಂಡು ಮರೆಯುವಂಥವು. ಪ್ರೆಸ್ಸಿನ ಹುಡುಗಿ ದಿವ್ಯಾ ಮಾಡಿದ್ದು ಅಂಥ ತಪ್ಪಲ್ಲ. ಹುಲಿಕೆರೆಯ ಕರಿಬಸವಯ್ಯನವರು ಎಂಬತ್ತು ದಾಟಿದರೂ ಬೆಳಿಗ್ಗೆ ಮುದ್ದೆ ನುಂಗಿ ತೆಂಗಿನ ತೋಟ ಸುತ್ತಿ ಬರುವ ಗಟ್ಟಿ ಆಸಾಮಿ. ಅವರ ಮೊಮ್ಮಗಳ ಲಗ್ನಪತ್ರಿಕೆಯಲ್ಲಿ ಅವರ ಹೆಸರಿನ ಹಿಂದೆ ‘ದಿ||’ ಎಂದು ಅಚ್ಚಾಗಿತ್ತು. ದಿವಂಗತ ಕರಿಬಸವಯ್ಯನವರ ಮೊಮ್ಮಗಳು!

ಹಳೇಬೀಡಿನ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯ ‘ಪುಟ್ಟಸ್ವಾಮಿ ಪ್ರೆಸ್’ ಸುತ್ತಿನ ಊರುಗಳಿಗೆಲ್ಲ ಗೊತ್ತಿದ್ದ ಜಾಗ. ಪುಟ್ಟಸ್ವಾಮಿ ಸೀಸದ ಅಚ್ಚುಮೊಳೆ ಜೋಡಿಸುತ್ತಿದ್ದರು, ಹೆಂಡತಿ ಅನುಸೂಯಮ್ಮ ಕಾರ್ಡು ಮಡಚಿ ಕಟ್ಟು ಕಟ್ಟುತ್ತಿದ್ದರು. ಒಬ್ಬಳೇ ಮಗಳು ದಿವ್ಯಾ ಡಿಗ್ರಿ ಮುಗಿಸಿದ ಮೇಲೆ ಅಪ್ಪನ ಪಕ್ಕದಲ್ಲೇ ನಿಂತು ಕೆಲಸವನ್ನೆಲ್ಲ ಕಲಿತಿದ್ದಳು. ತೊಂಬತ್ತೆಂಟರ ಸಂಕ್ರಾಂತಿ ಕಳೆದ ಮೇಲೆ ಹಾಸನಕ್ಕೆ ಕಾಗದ ತರಲು ಹೋದ ಪುಟ್ಟಸ್ವಾಮಿ, ಬರುವಾಗ ಬಸ್ಸಿನಲ್ಲೇ ಎದೆ ಹಿಡಿದುಕೊಂಡು ಕುಸಿದರು. ಕಾಗದದ ಬಂಡಲ್ಲೂ ಅವರೂ ಒಂದೇ ವ್ಯಾನಿನಲ್ಲಿ ಮನೆಗೆ ಬಂದರು.

ಅಂದಿನಿಂದ ಅನುಸೂಯಮ್ಮ ಪ್ರೆಸ್ಸಿನ ಹೊಸಿಲು ದಾಟಿರಲಿಲ್ಲ. ಮನೆ ಪ್ರೆಸ್ಸಿನ ಹಿಂಭಾಗದಲ್ಲೇ ಇದ್ದರೂ ನಡುವಿನ ಬಾಗಿಲಿಗೆ ಬಂದು ನಿಂತು ಮಾತಾಡಿ ಹಿಂದಕ್ಕೆ ಹೋಗುತ್ತಿದ್ದರು. ಅರಸೀಕೆರೆಯ ವ್ಯಾಪಾರಿಯೊಬ್ಬ ಕಾಲಲ್ಲಿ ತುಳಿಯುವ ಅಚ್ಚಿನ ಮಷಿನ್ನನ್ನು ಹಳೇ ಕಬ್ಬಿಣದ ಲೆಕ್ಕದಲ್ಲಿ ಕೇಳಿ ಹೋಗಿದ್ದ. “ಈ ಮದ್ವೆ ಕಾಲ ಒಂದು ನೋಡಾಣ ಕಣೇ. ನಿನ್ ಕೈಲಿ ಆಗ್ಲಿಲ್ಲ ಅಂದ್ರೆ ಕೊಟ್ಬಿಡಾಣ” ಎಂದು ಅನುಸೂಯಮ್ಮ ಮಗಳಿಗೆ ಹೇಳಿದ್ದರು. ದಿವ್ಯಾಗೆ ಕೊಡುವ ಮನಸ್ಸು ಚೂರೂ ಇರಲಿಲ್ಲ. ಅಪ್ಪ ಇನ್ನೂ ಎಲ್ಲಾದರೂ ಉಳಿದಿದ್ದರೆ ಅದು ಈ ಮಸಿ ವಾಸನೆಯ ಕೋಣೆಯಲ್ಲೇ ಎಂದು ಅವಳು ನಂಬಿದ್ದಳು. ಹಾಗೆ ನಂಬಿಕೊಂಡು ಹಟ ಹಿಡಿದು ಕೂತವಳ ಕೈಯಿಂದಲೇ ಈ ಯಡವಟ್ಟು ಆಗಬೇಕಿತ್ತೆ?

ಆದದ್ದು ಇಷ್ಟು. ಮದುವೆ ಕಾಲದಲ್ಲಿ ಒಂದು ಕಾರ್ಡಿಗೆ ಜೋಡಿಸಿದ ಮೊಳೆಗಳನ್ನು ಪೂರ್ತಿ ಬಿಚ್ಚುವ ಪದ್ಧತಿ ಯಾವ ಪ್ರೆಸ್ಸಿನಲ್ಲೂ ಇಲ್ಲ. ‘ನಮ್ಮ ಜ್ಯೇಷ್ಠ ಪುತ್ರಿ’ಯಿಂದ ‘ಆಶೀರ್ವದಿಸಬೇಕಾಗಿ’ವರೆಗೆ ಎಲ್ಲರ ಮನೆ ಮದುವೆಯೂ ಒಂದೇ ತಾನೆ? ಹೆಸರು, ತಾರೀಖು, ಛತ್ರ ಬದಲಿಸಿದರೆ ಮುಗಿಯಿತು. ಹಿಂದಿನ ಕಾರ್ಡಿನ ವಧುವಿನ ತಾತ ತೀರಿಕೊಂಡಿದ್ದರು. ದಿವ್ಯಾ ಆ ತಾತನ ಹೆಸರು ತೆಗೆದು ಕರಿಬಸವಯ್ಯನವರನ್ನು ಕೂರಿಸಿದಳು, ಹಿಂದಿದ್ದ ‘ದಿ||’ ಅಲ್ಲೇ ಉಳಿಯಿತು. ಪ್ರೂಫ್ ನೋಡಿ ಸೈ ಅಂದವನು ಕರಿಬಸವಯ್ಯನವರ ಮಗ ಉಮೇಶ್. ಅವನು ತನ್ನ ಹೆಸರಿನ ಕೆಳಗೆ ‘ಮಾಜಿ ಗ್ರಾಮ ಪಂಚಾಯಿತಿ ಸದಸ್ಯರು’ ಎಂಬುದು ಬಂದಿದೆಯೋ ಇಲ್ಲವೋ ಎಂದಷ್ಟೇ ನೋಡಿದ್ದ.

ಕಾರ್ಡಿನ ಮೊದಲ ಕಟ್ಟು ಗೆಂಡೆಹಳ್ಳಿಯ ನೆಂಟರಿಗೆ ತಲುಪಿದ ಮಾರನೆಯ ದಿನವೇ ಉಮೇಶ್ ಪ್ರೆಸ್ಸಿಗೆ ನುಗ್ಗಿದ.

“ಏನಮ್ಮಾ, ಕಣ್ಣು ಎಲ್ಲಿಟ್ಕೊಂಡು ಕೆಲಸ ಮಾಡ್ತೀಯ ನೀನು? ನಮ್ಮ ಸಣ್ಣತಾಯಮ್ಮತ್ತೆ ಬಸ್ ಇಳಿದು, ಬೀದೀಲೇ ‘ಅಣ್ಣಾ, ನನ್ನ ಬಿಟ್ಟು ಹೋದ್ಯಾ’ ಅಂತ ಬಾಯಿ ಬಡ್ಕೊಂಡು ಬಂದ್ರು. ಬಾಗ್ಲು ತೆಗೆದೋರು ಯಾರು ಗೊತ್ತಾ? ನಮ್ಮಪ್ಪ!”

ಹೊರಗೆ ನಿಂತಿದ್ದ ಇಬ್ಬರು ಕಿಸಕ್ಕನೆ ನಕ್ಕರು. ಅದರಿಂದ ಉಮೇಶನ ಸಿಟ್ಟು ಇನ್ನೂ ಏರಿತು.

“ಮದ್ವೆ ಮನೆ ಇದು. ಬದುಕಿರೋರನ್ನ ಸಾಯಿಸಿದ ಪ್ರೆಸ್ಸಿಗೆ ಇನ್ಯಾರು ಕಾರ್ಡ್ ಕೊಡ್ತಾರೆ ಅಂತ ನಾನೂ ನೋಡ್ತೀನಿ. ಬೀಗ ಹಾಕ್ಕೊಂಡು ಹೋಗು!” ಕಾರ್ಡಿನ ಕಟ್ಟುಗಳನ್ನು ಮೇಜಿನ ಮೇಲೆ ಎಸೆದು ಅವನು ಹೊರಟುಹೋದ.

ನಡುಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ ಅನುಸೂಯಮ್ಮ ಮಗಳನ್ನು ಬಯ್ಯಲಿಲ್ಲ. ಬೈದಿದ್ದರೇ ವಾಸಿಯಿತ್ತು. “ಸಾಕು ಬಿಡು ಮಗ, ನಿಮ್ಮಪ್ಪನ ಹೆಸರಾದ್ರೂ ಉಳ್ಕಳ್ಳಿ. ಗುರುವಾರ ಅರಸೀಕೆರೆಯೋರು ಬರ್ಲಿ” ಎಂದರು. ಅವತ್ತು ಮಂಗಳವಾರ.

ಬುಧವಾರ ಬೆಳಿಗ್ಗೆ ಕರಿಬಸವಯ್ಯನವರೇ ಬಂದರು. ಉಮೇಶನ ಬೈಕಿನ ಹಿಂದೆ ಕೂತು, ಶಲ್ಯ ಸರಿಮಾಡಿಕೊಳ್ಳುತ್ತ ಇಳಿದರು. ಉಮೇಶ್ ಮುಖ ಗಂಟಿಕ್ಕಿಕೊಂಡು ರಸ್ತೆಯಲ್ಲೇ ನಿಂತ. ಮುದುಕರು ಒಳಗೆ ಬಂದು, ಕುರ್ಚಿ ಎಳೆದುಕೊಂಡು ಕೂತು, “ನೋಡ್ಕೊಳವ್ವ, ದೆವ್ವಕ್ಕೆ ನೆರಳಿರಲ್ಲ ಅಂತಾರೆ. ನಂದೈತೆ” ಎಂದರು.

ದಿವ್ಯಾ ಕೈಮುಗಿದಳು. “ತಪ್ಪಾಯ್ತು ತಾತ. ಬೇರೆ ಪ್ರೆಸ್ಸಲ್ಲಿ ಮಾಡಿಸ್ಕೊಳ್ಳಿ, ಕಾಗದ ನಾನು ಕೊಡ್ತೀನಿ.”

“ನನ್ ಮಗನೂ ಅದೇ ಹೇಳ್ತಾನೆ. ಅದೆಂಗಾಯ್ತದೆ? ಬೇರೆಯೋರು ಬದುಕಿಸಿದ್ರೆ ಇಲ್ಲಿ ಸತ್ತೋನು ಇಲ್ಲಿ ಸತ್ತೇ ಇರ್ತೀನಿ. ಸಾಯ್ಸಿದೋಳೇ ಬದುಕಿಸ್ಬೇಕು. ಇವತ್ತೇ ಮಾಡ್ಕೊಡು, ಕುಂತಿರ್ತೀನಿ.”

ದಿವ್ಯಾ ನಗಬೇಕೋ ಅಳಬೇಕೋ ತಿಳಿಯದೆ ಮೊಳೆಗಳ ಮುಂದೆ ಹೋಗಿ ನಿಂತಳು. ಚಿಮಟದಿಂದ ಆ ಎರಡು ಗೀಟು ಎತ್ತಿದಳು, ‘ದಿ’ ಎತ್ತಿದಳು, ಆ ಜಾಗಕ್ಕೆ ‘ಶ್ರೀ’ ಕೂರಿಸಿದಳು. ಎಷ್ಟು ಸುಲಭದ ಕೆಲಸ! ಮೊದಲ ದಿನ ಅದು ಕಣ್ಣಿಗೇ ಬೀಳಲಿಲ್ಲವಲ್ಲ ಎಂದು ಅವಳಿಗೆ ಈಗಲೂ ಆಶ್ಚರ್ಯ.

ಮುದುಕರು ಅವಳ ಕೈಯನ್ನೇ ನೋಡುತ್ತಿದ್ದರು. “ನಿಮ್ಮಪ್ಪನ ವೈಕುಂಠ ಸಮಾರಾಧನೆ ಕಾರ್ಡು ನಮ್ಮನೇಗೂ ಬಂದಿತ್ತು ಕಣವ್ವ. ನೀನೇ ಜೋಡಿಸಿದ್ದಲ್ವಾ?”

“ಹೂಂ ತಾತ.”

“ಫೋಟೋ ಕೆಳಗೆ ಬರೀ ಪುಟ್ಟಸ್ವಾಮಿ ಅಂತ ಇತ್ತು. ಹಿಂದೆ ಏನೂ ಇರ್ಲಿಲ್ಲ. ಆಗ್ಲೇ ನೋಡಿದ್ದೆ, ಪಾಪ ಅಂತ ಸುಮ್ಕಾದೆ. ಈಗ ನೋಡಿದ್ರೆ, ಅವನಿಗೆ ಸೇರ್ಬೇಕಾದ್ದನ್ನ ತಂದು ನನಗೆ ಹಾಕಿದೀಯ. ನನಗ್ಯಾಕವ್ವ ಅದು? ಅವನದು ಅವನಿಗೆ ಕೊಟ್ಬಿಡು.”

ದಿವ್ಯಾ ಚಿಮಟ ಕೆಳಗಿಟ್ಟು, ಅಲ್ಲೇ ಸ್ಟೂಲಿನ ಮೇಲೆ ಕೂತು ಅತ್ತಳು. ಅಪ್ಪ ಸತ್ತಾಗ ನೆಂಟರ ನಡುವೆ ಅತ್ತದ್ದೆಲ್ಲ ಲೆಕ್ಕಕ್ಕಿಲ್ಲ, ಇದೇ ಮೊದಲ ಅಳು ಅನ್ನಿಸುವಂತೆ ಅತ್ತಳು.

“ಅದು ನನ್ನಕ್ಷರ ತಾತ. ಚಿಕ್ಕೋಳಿದ್ದಾಗ ಅಪ್ಪ ಈ ಮೊಳೆಗಳ ಕೇಸಿಂದ ಎತ್ತಿ ಅಂಗೈಲಿಟ್ಟು, ದಿ ಅಂದ್ರೆ ದಿವ್ಯಾ ಅಂತ ಕಲಿಸಿದ್ರು. ಅದನ್ನೇ ತಗೊಂಡೋಗಿ ಅವರ ಹೆಸರಿನ ಹಿಂದೆ ಹೆಂಗೆ ಇಡ್ಲಿ? ಅವರ ಕಾರ್ಡು ಜೋಡಿಸಿದ ದಿನದಿಂದ ಆ ಅಕ್ಷರ ಕಂಡ್ರೆ ಕಣ್ಣು ತಾನಾಗೇ ಬೇರೆ ಕಡೆ ಹೋಗ್ಬಿಡುತ್ತೆ.”

ಕರಿಬಸವಯ್ಯನವರೂ ಶಲ್ಯದ ತುದಿಯಿಂದ ಕಣ್ಣೊರೆಸಿಕೊಂಡರು. ರಸ್ತೆಯಲ್ಲಿ ನಿಂತಿದ್ದ ಉಮೇಶ್ ಇದನ್ನೆಲ್ಲ ನೋಡಿ, ಹೋಟೆಲಿಗೆ ಹೋಗಿ ಯಾರೂ ಕೇಳದ ಟೀ ತಂದಿಟ್ಟ.

ಮುಖ ತೊಳೆದುಕೊಂಡು ಬಂದು ದಿವ್ಯಾ ಮಷಿನ್ ತುಳಿಯಲು ಶುರುಮಾಡಿದಳು. ಹೊಸ ಕಾರ್ಡುಗಳು ಬೀಳತೊಡಗಿದವು. ಅಷ್ಟರಲ್ಲಿ ಹಗರೆಯ ಪುಟ್ಟರಾಜು ಮೇಷ್ಟ್ರು ಬಂದರು. ಕಣ್ಣು ಕೆಂಪಗಿದ್ದವು, ಅಂಗಿಯ ಗುಂಡಿ ಮೇಲೆಕೆಳಗಾಗಿತ್ತು. ಅವರ ತಂದೆ ಕರಿಯಯ್ಯನವರು ಹಿಂದಿನ ದಿನ ತೀರಿಕೊಂಡಿದ್ದರು.

“ಕಾರ್ಡ್ ಆಗ್ಬೇಕಿತ್ತು ದಿವ್ಯಾ. ನಮ್ಮಲ್ಲಿ ವೈಕುಂಠ, ಕೈಲಾಸ ಅಂತ ಇಲ್ಲ. ಪುಣ್ಯಾನುಮೋದನೆ ಅಂತ ಹಾಕಮ್ಮ, ಮೇಲ್ಗಡೆ ಬುದ್ಧನ ಚಿತ್ರ. ನಿಮ್ಮ ತಂದೆ ಇದ್ದಿದ್ರೆ...”

ಪುಟ್ಟಸ್ವಾಮಿ ಇದ್ದಾಗ ಸಾವಿನ ಕಾರ್ಡು ಬಂದರೆ ಕೈಯಲ್ಲಿದ್ದದ್ದನ್ನು ಬದಿಗಿಡುತ್ತಿದ್ದರು. ಮದುವೆಯವರು ನಗ್ತಾ ಕಾಯ್ತಾರೆ, ಸಾವಿನ ಮನೆಯವರನ್ನು ಕಾಯಿಸಬಾರದು ಎನ್ನುವುದು ಅವರ ಕಟ್ಟುನಿಟ್ಟು. ದಿವ್ಯಾ ಮಷಿನ್ ನಿಲ್ಲಿಸಿದಳು, ಅರ್ಧಕ್ಕೆ ನಿಂತ ಮದುವೆ ಕಾರ್ಡುಗಳನ್ನು ನೋಡಿದಳು, ಉಮೇಶನನ್ನು ನೋಡಿದಳು. ಉಮೇಶ್ ಬಾಯಿ ತೆರೆಯುವಷ್ಟರಲ್ಲಿ ನಡುಬಾಗಿಲಿಂದ ಅನುಸೂಯಮ್ಮನ ದನಿ ಬಂತು.

“ನಿಲ್ಲಿಸಬ್ಯಾಡ ಕಣೇ. ಮೇಷ್ಟ್ರುದು ನೀನು ಜೋಡಿಸು, ಅಲ್ಲೀವರ್ಗೂ ಇದನ್ನ ನಾನು ತುಳೀತೀನಿ. ನೀನು ಹುಟ್ಟೋಕೆ ಮುಂಚೆ ತುಳಿದೋಳು ನಾನು.”

ಹೇಳಿದವರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊಸಿಲು ದಾಟಿಯೇಬಿಟ್ಟರು. ದಿವ್ಯಾ ಮೇಲೆದ್ದು ಜಾಗ ಬಿಟ್ಟಳು. ಅನುಸೂಯಮ್ಮ ಮಷಿನ್ನಿನ ಮೇಲೆ ಒಂದು ಗಳಿಗೆ ಕೈಯಿಟ್ಟು ನಿಂತು, ಆಮೇಲೆ ತುಳಿದರು. ಮೊದಲೆರಡು ಕಾರ್ಡು ಸೊಟ್ಟಗೆ ಬಿದ್ದವು, ಆಮೇಲಿನವು ನೆಟ್ಟಗೆ ಬಂದವು. “ನಾಳೆ ಅರಸೀಕೆರೆಯೋರು ಬಂದ್ರೆ ಕಾಫಿ ಕೊಟ್ಟು ಕಳಿಸಾಣ” ಎಂದರು, ಯಾರನ್ನೂ ನೋಡದೆ.

ದಿವ್ಯಾ ಕೇಸಿನ ಮುಂದೆ ನಿಂತು ಪುಣ್ಯಾನುಮೋದನೆಯ ಕಾರ್ಡನ್ನು ಜೋಡಿಸುತ್ತ ಬಂದಳು. ತಾರೀಖು ಆಯಿತು, ಊರು ಆಯಿತು, ಮಕ್ಕಳ ಸೊಸೆಯಂದಿರ ಹೆಸರು ಆಯಿತು. ಕೊನೆಗೆ ಉಳಿದದ್ದು ಫೋಟೋದ ಕೆಳಗಿನ ಸಾಲು. ಅವಳು ‘ಕರಿಯಯ್ಯ’ ಎಂದು ಜೋಡಿಸಿ ಕೈ ನಿಲ್ಲಿಸಿದಳು.

ಪುಟ್ಟರಾಜು ಮೇಷ್ಟ್ರು ಅದನ್ನೇ ನೋಡುತ್ತಿದ್ದರು. ಎಷ್ಟೋ ಜನರ ಅರ್ಜಿಗಳಲ್ಲಿ ತೀರಿಕೊಂಡವರ ಹೆಸರಿಗೆ ‘ದಿ||’ ಎಂದು ತಾವೇ ಬರೆದುಕೊಟ್ಟ ಮನುಷ್ಯ ಸಣ್ಣ ದನಿಯಲ್ಲಿ ಕೇಳಿದರು, “ಹಿಂದೆ ದಿ ಅಂತ ಹಾಕ್ಲೇಬೇಕಾ ದಿವ್ಯಾ? ನಿನ್ನೆ ಬೆಳಿಗ್ಗೆ ನನ್ ಜೊತೆ ಮಾತಾಡ್ತಿದ್ರು.”

“ಹಾಕ್ಬೇಕು ಮೇಷ್ಟ್ರೇ” ಎಂದಳು ದಿವ್ಯಾ. “ನಮ್ಮಪ್ಪನಿಗೆ ನಾನಿನ್ನೂ ಹಾಕಿಲ್ಲ. ಕೂತ್ಕೊಳ್ಳಿ, ಇಬ್ರಿಗೂ ಒಟ್ಟಿಗೇ ಹಾಕ್ತೀನಿ.”