ಸಾಡೇಬಾರಾ ಟಕ್ಕೆ

ಭೋಜ ಗ್ರಾಮದ ಮನೀಷಾ ಟೀಚರ ಟ್ಯೂಷನ್ನಿನಲ್ಲಿ ಬೆತ್ತ ಇರಲಿಲ್ಲ. ಇದನ್ನು ಅವಳು ಊರ ಮಂದಿಯ ಮುಂದೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದಳು. ಬೆತ್ತದ ಗರಜಾದರೂ ಏನಿತ್ತು? ಸರಿ ಉತ್ತರ ಬರೆದವರು ತಪ್ಪು ಬರೆದವರ ಮೂಗನ್ನು ಎಡಗೈಯಲ್ಲಿ ಹಿಡಿದು ಬಲಗೈಯಿಂದ ಕಪಾಳಕ್ಕೆ ಬಾರಿಸಬೇಕು. ತಾನು ಕಲಿತ ಶಾಲೆಯಲ್ಲಿ ಹೀಗೇ ಇತ್ತು, ಅದರಿಂದಲೇ ತನಗೆ ಲೆಕ್ಕ ಹತ್ತಿತು ಎನ್ನುವುದು ಅವಳ ವಾದ. ಗೆಳೆತನಕ್ಕೆಂದು ಯಾರಾದರೂ ಮೆಲ್ಲಗೆ ಹೊಡೆದರೆ, ಹೊಡೆಯುವುದು ಹೇಗೆಂದು ಅವರ ಕೆನ್ನೆಯ ಮೇಲೆಯೇ ತೋರಿಸಿಕೊಡುತ್ತಿದ್ದಳು. ಹೀಗಾಗಿ ಅಲ್ಲಿ ಯಾರೂ ಮೆಲ್ಲಗೆ ಹೊಡೆಯುತ್ತಿರಲಿಲ್ಲ.

ಅವಳ ಪಡಸಾಲೆಯಲ್ಲಿ ಕೂಡುತ್ತಿದ್ದವರೆಲ್ಲ ಐದನೇ ಇಯತ್ತೆಯ ಮಕ್ಕಳು. ಸರಕಾರದ ವಸತಿ ಶಾಲೆಯ ಪ್ರವೇಶ ಪರೀಕ್ಷೆಗೆ ತಯಾರಾಗುತ್ತಿದ್ದರು. ಅದರಲ್ಲಿ ಪಾಸಾದರೆ ಹನ್ನೆರಡನೆಯ ತರಗತಿಯವರೆಗೆ ಊಟ, ಬಟ್ಟೆ, ಪುಸ್ತಕ ಯಾವುದರ ಚಿಂತೆಯೂ ಇಲ್ಲ. ಮನೀಷಾಳ ಮಗ ಭರತ ಅಲ್ಲಿದ್ದ. ಅವರದೇ ಕಬ್ಬಿನ ಹೊಲದಲ್ಲಿ ದುಡಿಯುವ ಭರಮುವಿನ ಮಗಳು ಸಪನಾಳೂ ಇದ್ದಳು. ಅವಳನ್ನು ಮನೀಷಾ ಪುಕ್ಕಟೆ ಕೂರಿಸಿಕೊಂಡಿದ್ದಳು. ಮಗಳನ್ನು ಬಿಡಲು ಬಂದ ದಿನ ಭರಮು ಹೊಸ್ತಿಲ ಹೊರಗೇ ನಿಂತು, ಇದೊಂದನ್ನು ದಡ ಹಚ್ಚಿರಿ, ಇಲ್ಲದಿದ್ದರೆ ಇದೂ ನಮ್ಮಂತೆ ಕಬ್ಬಿನ ಗರಿ, ರವದಿ ಸುಲಿಯುತ್ತ ಮುದುಕಿಯಾಗುತ್ತದೆ ಎಂದಿದ್ದ.

ಸಪನಾಳಿಗೆ ದಡ ಹಚ್ಚುವವರು ಬೇಕಾಗಿರಲಿಲ್ಲ, ಅಡ್ಡ ಬರದಿದ್ದರೆ ಸಾಕಿತ್ತು. ಮುಕ್ಕಾಲು ಎಂದು ಬಾಯಿ ಮುಚ್ಚುವುದರೊಳಗೆ ಅವಳ ಪಾಟಿಯ ಮೇಲೆ 0.75 ಬಿದ್ದಿರುತ್ತಿತ್ತು. ಭರತನಿಗೆ ದಶಮಾಂಶದ ಚುಕ್ಕೆ ಎಂದರೆ ನೊಣ, ಎಲ್ಲಿ ಬೇಕಾದರೂ ಕೂಡುತ್ತಿತ್ತು. ಮೊದಲ ದಿನ ಸಪನಾ ಅವನ ಕೆನ್ನೆಯನ್ನು ಬರೀ ಸವರಿದಳು. ಅದಕ್ಕೆ ಮನೀಷಾಳಿಂದ ಪಾಠ ಸಿಕ್ಕಿತು. ಮರುದಿನದಿಂದ ಸರಿಯಾಗಿ ಹೊಡೆಯತೊಡಗಿದಳು.

ಪಡಸಾಲೆಯ ಮೂಲೆಯಲ್ಲಿ ಕಾಳು ಹಸನು ಮಾಡುತ್ತ ಕೂತಿರುತ್ತಿದ್ದ ಅತ್ತೆ ಗಿರಿಜವ್ವನಿಗೆ ಇದನ್ನು ಸಹಿಸಲಾಗಲಿಲ್ಲ. "ಆಳಿನ ಮಗಳ ಕೈಲೆ ನನ್ನ ಮೊಮ್ಮಗನ ಕಪಾಳ ಕೆಂಪ ಮಾಡಸಾಕ ನೀ ಟೀಚರ ಆಗಿಯೇನ?" ಎಂದು ಎಲ್ಲರೆದುರು ಕೇಳಿದಳು. ಮನೀಷಾ ಇಕ್ಕಟ್ಟಿಗೆ ಸಿಕ್ಕಿಬಿದ್ದಳು. ಪದ್ಧತಿ ಬಿಡೋಣವೆಂದರೆ ಊರೆಲ್ಲ ಡಂಗುರ ಹೊಡೆದು ಆಗಿದೆ, ತನ್ನ ಮಗನಿಗೆ ಬಿದ್ದಾಗ ಬಿಟ್ಟಳು ಎನ್ನುತ್ತಾರೆ. ಬಿಡದಿದ್ದರೆ ದಿನವೂ ಇದನ್ನು ನೋಡಬೇಕು. ತಪ್ಪು ಮಗನದು ಎಂದು ಗೊತ್ತಿದ್ದರೂ ಅವಳಿಗೆ ಸಿಟ್ಟು ಬರುತ್ತಿದ್ದುದು ಆ ಹುಡುಗಿಯ ಮೇಲೆ.

ಒಂದು ಸಂಜೆ ಸಾಡೇಬಾರಾ ಟಕ್ಕೆ, ಅಂದರೆ ಶೇಕಡಾ ಹನ್ನೆರಡೂವರೆಯನ್ನು ದಶಮಾಂಶದಲ್ಲಿ ಬರೆಯಲು ಹೇಳಿದಳು. ಮಕ್ಕಳು ಪಾಟಿ ಎತ್ತಿ ಹಿಡಿದರು. ಸಪನಾಳದು 0.125. ಭರತನದು 12.5. ಉಳಿದವರು ಅವನದನ್ನೋ ಇವಳದನ್ನೋ ಕದ್ದು ಬರೆದಿದ್ದರು. ಭರತ ಆಗಲೇ ಕಣ್ಣು ಮುಚ್ಚಿ ಕೆನ್ನೆ ಒಳಗೆಳೆದುಕೊಂಡಿದ್ದ. ಮೂಲೆಯಲ್ಲಿ ಗಿರಿಜವ್ವನ ಮೊರ ನಿಂತಿತು.

"ಭರತಂದು ಸರಿ" ಎಂದಳು ಮನೀಷಾ.

ಭರತನೇ ನಂಬದೆ ಕಣ್ಣು ತೆರೆದ. ಸಪನಾ ತನ್ನ ಪಾಟಿಯನ್ನು ತಿರುಗಿಸಿ ನೋಡಿಕೊಂಡಳು. "ಟಕ್ಕೆ ಇದ್ರ ನೂರರಿಂದ ಭಾಗಸಬೇಕಲ್ರೀ ಟೀಚರ? ನೀವ ಹೇಳಿದ್ರಿ."

"ಅದು ಪೂರ್ಣ ಸಂಖ್ಯಾಕ್ಕ. ಅರ್ಧಾ, ಪಾವು ಕೂಡಿದ್ದಕ್ಕ ಭಾಗಸಬಾರದು. ಇದ್ದ ಹನ್ನೆರಡನ್ನ ಸೊನ್ನಿ ಮಾಡಿ ಕುಂತೀಯಲ್ಲ, ಎಲ್ಲಿ ಹೋತ ಅದು?"

ಸುಳ್ಳಿಗೆ ಒಂದು ನಿಯಮದ ಅಂಗಿ ತೊಡಿಸಿದ್ದಾಯಿತು. ಸಪನಾ ತುಟಿಯಲ್ಲೇ ಅದನ್ನು ಎರಡು ಸಲ ಹೇಳಿಕೊಂಡು ತಲೆಯಾಡಿಸಿದಳು. ಆಮೇಲೆ ತಾನೇ ಎದ್ದು ಬಂದು ಭರತನ ಮುಂದೆ ನಿಂತಳು. ಭರತ ಅಲ್ಲಿಯವರೆಗೆ ತಿಂದದ್ದನ್ನೆಲ್ಲ ಒಂದೇ ಏಟಿನಲ್ಲಿ ತೀರಿಸಿದ. ಹುಡುಗಿ ಗೋಡೆ ಹಿಡಿದುಕೊಂಡಳು. ಗಿರಿಜವ್ವ ಮತ್ತೆ ಕಾಳು ಕೇರತೊಡಗಿದಳು. ಮನೀಷಾಳ ಹೊಟ್ಟೆ ತಣ್ಣಗಾಯಿತು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಸುಮ್ಮನೆ ಹೇಳುತ್ತಾರೆಯೇ?

ಮರುದಿನ ಬೆಳಿಗ್ಗೆ ಡಬ್ಬಿಗೆ ಚಪಾತಿ ಹಾಕುತ್ತ ಅವಳು ಮಗನಿಗೆ ಖರೆ ಲೆಕ್ಕ ಹೇಳಿಕೊಟ್ಟಳು. ಅರ್ಧವಿರಲಿ, ಪಾವು ಅಂದರೆ ಕಾಲಿರಲಿ, ಟಕ್ಕೆ ಕಂಡರೆ ನೂರರಿಂದ ಭಾಗಿಸಬೇಕು, ಪರೀಕ್ಷೆಯಲ್ಲಿ ಹಾಗೇ ಬರೆ, ಟ್ಯೂಷನ್ನಿನಲ್ಲಿ ಬಾಯಿ ಬಿಡಬೇಡ ಎಂದಳು. ಹತ್ತಾರು ಸಲ ಮಾಡಿಸಿದಳು. ಲೆಕ್ಕಕ್ಕಿಂತ ಗುಟ್ಟು ಭರತನಿಗೆ ಬೇಗ ತಿಳಿಯಿತು.

ಸಪನಾಳಿಗೂ ಹೇಳಬೇಕೆಂದುಕೊಂಡಳು, ಉಳಿದವರು ಹೇಗೂ ಕದ್ದು ಬರೆಯುವವರೇ. ಹೇಳಿದರೆ ಆ ಏಟಿಗೆ ಏನು ಜವಾಬು ಕೊಡುವುದು? ಎಲ್ಲ ಮಕ್ಕಳೂ ನೋಡಿದ್ದಾರೆ, ಅತ್ತೆ ಇನ್ನೂ ಅದನ್ನೇ ಹೇಳಿ ನಗುತ್ತಾಳೆ. ನಾಳೆ ಹೇಳಿದರಾಯಿತು ಎಂದು ಬಿಟ್ಟಳು. ಅತ್ತ ಸಪನಾ ಶೇಕಡಾ ಆರೂಕಾಲಿಗೆ 6.25 ಎಂದು ಬರೆದು, ಸರಿಯೇ ಎಂಬಂತೆ ಮುಖ ನೋಡುತ್ತಿದ್ದಳು. ಮನೀಷಾ ಸರಿ ಗುರುತು ಹಾಕುತ್ತಿದ್ದಳು. ಪರೀಕ್ಷೆಯಲ್ಲಿ ಇಂಥದೇ ಬರಬೇಕೆಂದೇನಿದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಹಾಗೆ ದಿನ ದೂಡುತ್ತ ಪರೀಕ್ಷೆ ಬಂದೇಬಿಟ್ಟಿತು.

ಪರೀಕ್ಷೆ ನಿಪ್ಪಾಣಿಯಲ್ಲಿ. ಭರತ ಮನೀಷಾಳ ಜೊತೆ ಕಾರಿನಲ್ಲಿ ಹೋದ, ಸಪನಾ ಅಪ್ಪನ ಜೊತೆ ಬಸ್ಸಿನಲ್ಲಿ. ಗಂಟೆ ಬಾರಿಸಿ ಗೇಟು ತೆರೆದಾಗ ಸಪನಾ ಅಪ್ಪನನ್ನು ದಾಟಿ ನೇರ ಟೀಚರ ಹತ್ತಿರ ಓಡಿಬಂದಳು.

"ಟೀಚರ, ನೀವು ಹೇಳಿದ್ದ ಬಂದಿತ್ರಿ. ಅರ್ಧಾ ಪಾವಿನ್ವು ನಾಕು ಬಂದಿದ್ದುವು. ನೂರರಿಂದ ಭಾಗಸಿದ್ದ ಉತ್ತರಾನೂ ಬಾಜೂಕ ಕೊಟ್ಟಿದ್ರು, ನಾ ಮೋಸ ಹೋಗಲಿಲ್ರಿ."

ಹಿಂದಿನಿಂದ ಬಂದ ಭರತ ನಕ್ಕ. "ನಾಕೂ ತಪ್ಪ ಬರದಾಳ. ಎಲ್ಲಾಕ್ಕೂ ಭಾಗಸಬೇಕಂತ ಮಮ್ಮಿ ನನಗ ಮನ್ಯಾಗ ಹೇಳ್ಯಾಳ."

ಸಪನಾಳ ಮುಖದ ಮೇಲಿನ ನಗು ಇನ್ನೂ ಹಾಗೇ ಇತ್ತು. ಅವನದು ತಪ್ಪು ಎಂದು ಟೀಚರು ಈಗ ಹೇಳುತ್ತಾರೆ ಎಂದು ಕಾಯುತ್ತಿದ್ದಳು. ಭರಮು ಹತ್ತಿರ ಬಂದ. ಅಕ್ಕಪಕ್ಕದ ತಂದೆತಾಯಿಗಳು ಮಾತು ನಿಲ್ಲಿಸಿ ತಿರುಗಿದರು. ಇವರಲ್ಲಿ ಅರ್ಧ ಜನ ಮುಂದಿನ ವರ್ಷ ತಮ್ಮ ಕಿರಿಯ ಮಕ್ಕಳನ್ನು ಕಳಿಸುವವರು.

"ನಾ ಎಲ್ಲಾರಿಗೂ ಸರೀನ ಹೇಳೀನಿ" ಎಂದಳು ಮನೀಷಾ, ಭರಮುವಿನ ಕಡೆ ತಿರುಗಿ. "ಈಕೀದ ಲಕ್ಷ್ಯಾನ ಇರೂದಿಲ್ಲ."

ಭರಮುವಿಗೆ ದಶಮಾಂಶ ಗೊತ್ತಿರಲಿಲ್ಲ, ಟೀಚರು ಸುಳ್ಳು ಹೇಳುವುದಿಲ್ಲ ಎನ್ನುವುದು ಗೊತ್ತಿತ್ತು. ಮಗಳ ಕುತ್ತಿಗೆ ಹಿಡಿದು ಬಗ್ಗಿಸಿದ. "ಪುಕ್ಕಟ ಕಲಿಸ್ಯಾರ ನಿನಗ. ಕಾಲ ಮುಟ್ಟಿ ತಪ್ಪಾತ ಅನ್ನ."

ಸಪನಾ ಟೀಚರ ಮುಖವನ್ನು ಒಮ್ಮೆ ನೋಡಿದಳು. ಆ ನೋಟದಲ್ಲಿ ಈಗ ಏನನ್ನೂ ಕಾಯುತ್ತಿರಲಿಲ್ಲ. ಎರಡೂ ಕೈಯಿಂದ ಕಾಲು ಮುಟ್ಟಿ, ತಪ್ಪಾಯಿತೆಂದಳು. ಅಳಲಿಲ್ಲ.

"ಇರ್ಲಿ ಬಿಡ" ಎಂದಳು ಮನೀಷಾ. "ಮುಂದಿನ ಸಲಾ ಲಕ್ಷ್ಯ ಕೊಟ್ಟ ಬರಿ."

ಆ ಪರೀಕ್ಷೆಯನ್ನು ಒಂದು ಮಗು ಒಂದೇ ಸಲ ಬರೆಯಬಹುದು. ಅದು ಮನೀಷಾಳಿಗೆ ಗೊತ್ತಿತ್ತು, ಕಾಲ ಬಳಿ ಬಗ್ಗಿದ್ದ ಸಪನಾಳಿಗೂ ಗೊತ್ತಿತ್ತು. ಗೊತ್ತಿಲ್ಲದವನು ಭರಮು ಒಬ್ಬನೇ. "ನಿಮ್ಮ ಉಪಕಾರ ಆತ್ರಿ ಟೀಚರ, ಮುಂದಿನ ವರ್ಷ ಮತ್ತ ನಿಮ್ಮ ಕಡೇನ ಕಳಸ್ತೇನ್ರಿ" ಎಂದು ಅವನು ಕೈಮುಗಿದ.