ಅಪ್ಪನ ಎಡಗೆನ್ನಿ

ರವದಿ ಹೊಗಿ ಕಣ್ಣಾಗ ಹೊಕ್ಕೊಂತು, ಇನ್ನೂ ಹಸೀ ಐತೇನೋ, ಅಪ್ಪ ಉಫ್ ಉಫ್ ಅಂತ ಊದಾಕತ್ತಾನ, ರಾಮದುರ್ಗದಾಗ ಸಿಗತೈತೋ ಇಲ್ಲೋ ಅಂತ ಸುರೇಬಾನದಿಂದನ ಒಂದು ಹಿಡಿ ಕಬ್ಬಿನ ಎಲಿ ರವದಿ ಚೀಲದಾಗ ತುರುಕಿಕೊಂಡು ಬಂದಾನ, ಎಪ್ಪತ್ತರ ಮ್ಯಾಲಿನ ಮುದುಕಗ ಏನು ಹುರುಪು ನಮ್ಮವ್ವಾ, ತಲಿಗೆ ಹೊಸಾ ಪಟಗಾ, ಇಸ್ತ್ರಿ ಮಾಡಿದ ಧೋತರ — ನಮ್ಮ ರೇಣವ್ವನ ಗೆಳತಿ ಮಾನಂದಾನ ಪುಸ್ತಕ ಬಿಡುಗಡಿ ಐತಿ, ಆಕಿ ಓದೂದು ಮುಗದ ಕೂಡ್ಲೆ ಈ ದುರ್ಗಪ್ಪನ ಹಲಗಿ ಅಂತ ಓಣಿ ತುಂಬ ಹೇಳಕೋತ ಅಡ್ಡಾಡಿದ, ಅಂಥಾವಗ ಹೋಗೂದು ಬ್ಯಾಡ ಅಂತ ಹೆಂಗ ಹೇಳಲಿ, ಯಾಕ ರೇಣವ್ವಾ ಅಂದ್ರ ಏನನ್ನಲಿ, ಅದಕ್ಕ ಬಾಯಿ ಮುಚಗೊಂಡು ಕರಕೊಂಡು ಬಂದೆ, ಈಗ ಸಭಾಭವನದ ಹಿತ್ತಲದಾಗ ನಾವಿಬ್ಬರ, ಒಳಗ ಮೈಕು, ಹೊರಗ ಬೆಂಕಿ. ಹಲಗಿ ತೊಗಲು ಕಾದು ಬಿಗದೈತೋ ಇಲ್ಲೋ ಅಂತ ಅಪ್ಪ ಕೈಲೆ ನೋಡೂದಿಲ್ಲ, ಎಡಗೆನ್ನಿಗೆ ಹಚ್ಚಿ ನೋಡತಾನ, ಅವರಪ್ಪನೂ ಹಂಗ ಮಾಡತಿದ್ನಂತ, ಬಾರಿಸಿ ಬಾರಿಸಿ ಕೈ ಜಡ್ಡುಗಟ್ಟಿರತಾವ, ಕೈ ಸುಳ್ಳ ಹೇಳತಾವ ಯವ್ವಾ, ಕೆನ್ನಿ ಹೇಳೂದಿಲ್ಲ ಅಂತಾನ, ಹಚ್ಚಿ ಹಚ್ಚಿ ಆ ಜಾಗಾ ಕರ್ರಗ ಗಟ್ಟಿ ಆಗೇತಿ, ಸಣ್ಣಾಕಿದ್ದಾಗ ನಾ ಅಲ್ಲೇ ಮುದ್ದು ಕೊಡತಿದ್ದೆ, ಹೊಗಿ ವಾಸನಿ ಬರತಿತ್ತು, ಈಗೂ ಬರಾಕತ್ತೈತಿ.

ಇದನ್ನ ಹೇಳಿದ್ದು ಮಾನಂದಾಗ ಒಬ್ಬಾಕಿಗೆ, ಧಾರವಾಡದ ಹಾಸ್ಟೆಲದಾಗ, ಟೈಫಾಯಿಡ್ ಬಂದು ಬಿದ್ದಿದ್ದೆ, ತಲಿಗೆ ತಣ್ಣೀರ ಪಟ್ಟಿ ಹಾಕಿ ಕತಿ ಓದಿ ಹೇಳತಿದ್ಲು, ಎಂಥಾ ದನಿ ಆಕೀದು, ಜ್ವರಾನೂ ಕಿವಿಗೊಟ್ಟು ಕೇಳಬೇಕು, ಆಮ್ಯಾಲ ಆಕೀ ಊರು ದೊಡವಾಡದಿಂದ ಬಸ್ ಬದಲಿಸಿ ಬದಲಿಸಿ ನಮ್ಮ ಮನಿಗೇ ಬಂದ್ಲು, ಒಲಿ ಮುಂದ ಕುಂತು ನಮ್ಮ ತಾಟಿನ್ಯಾಗ ಉಂಡ್ಲು, ಕಾಕಾ ನಿಮ್ಮ ಕೆನ್ನಿ ಮುಟ್ಟಲೇನ್ರಿ ಅಂದ್ಲು, ಅಪ್ಪ ನಾಚಿಕೊಂಡು ಮಾರಿ ಮುಂದ ಮಾಡಿದ, ಮುಟ್ಟಿ ಕಣ್ಣಾಗ ನೀರ ತಂದ್ಲು, ಆ ನೀರು ಖರೇನ ಇತ್ತು, ಅದನ್ನ ಸುಳ್ಳಂತ ಹೆಂಗ ಅನ್ನಲಿ — ಆದ್ರ ಕೆನ್ನಿ ಮುಟ್ಟಿದ ಅದ ಬಟ್ಟು ಈ ದಪ್ಪನ್ನ ಪುಸ್ತಕಾ ಬರದೈತಿ. ಅದರಾಗ ಬೆಳ್ಳಿಕೋಟಿ ಅಂತ ಒಂದು ಊರು, ಗ್ವಾಡಿ ಆಚೀಕ ಮಸಿಕುಲದವರು, ಹುಟ್ಟಿದಾಗಿಂದ ಕರ್ರಗ, ಹುಟ್ಟಿದಾಗಿಂದ ಕೆಟ್ಟವರು, ಸತ್ತ ದನದ ತೊಗಲು ಹೊದಿತಾರ, ದಾಳಿಗೆ ಹೊಂಡೂ ಮುಂಚೆ ಬೆಂಕಿಗೆ ಡೋಲು ಕಾಸಿ ಎಡಗೆನ್ನಿಗೆ ಹಚ್ಚಿ ನೋಡತಾರ, ಕಡೀಕ ರಾಜಕುಮಾರ ಅವರನ್ನ ಕೂಸು ಕುನ್ನಿ ಸಹಿತ ಸುಡತಾನ, ಊರ ಮಂದಿ ದೀಪಾ ಹಚ್ಚತಾರ. ನಿನ್ನೆ ಮುಂಜಾನೆ ಓದಿ ಮುಗಿಸಿ ಫೋನ್ ಮಾಡಿದೆ, ಇದು ನಮ್ಮ ಮಂದಿ ಅಲ್ಲೇನ ಅಂದೆ, ಏ ಹುಚ್ಚಿ ಅಂತ ನಕ್ಕಳು, ಅದು ಕಲ್ಪನಾಲೋಕ, ಅಲ್ಲಿ ಜಾತಿನ ಇಲ್ಲ, ಅವರು ಮನಶ್ಯಾರ ಅಲ್ಲ, ನಾ ಹಂಗ ಅನಕೊಂಡು ಬರದೇ ಇಲ್ಲ, ನೀ ಎಲ್ಲಾದ್ರಾಗೂ ರಾಜಕೀಯ ತರತಿ. ಖರೆ, ಅನಕೊಂಡಿಲ್ಲ, ಅದ ಉರಿಯೂದು ನನಗ, ಬೇಕಂತ ಬರದಿದ್ರ ಜಡಿ ಹಿಡದು ಜಗ್ಗಿ ಕೇಳತಿದ್ದೆ, ಆದ್ರ ಆಕಿಗೆ ಕೆಟ್ಟ ಜನಕ್ಕ ಒಂದು ಮಾರಿ ಬೇಕಾತು, ಕೈ ಹಾಕಿದ ಕೂಡ್ಲೆ ಸಿಕ್ಕಿದ್ದು ನಮ್ಮಪ್ಪನ ಮಾರಿ, ಅದು ಯಾರದು ಅಂತ ನೆನಪು ಸುದ್ದಾ ಆಗಲಿಲ್ಲ. ಕಡೀಕ ಆತು ಬಿಡ ಅಂದ್ಲು, ಕೆನ್ನೀದು ನಾಳೆ ಓದೂದಿಲ್ಲ, ನಿನ್ನಾಣಿ, ಕಾಕಾನ್ನ ಮಾತ್ರ ತಪ್ಪದ ಕರಕೊಂಡು ಬಾ, ಅವರು ಹಲಗಿ ಬಾರಿಸಿದ್ರ ಪುಸ್ತಕದ ವಾತಾವರಣಾನ ಬರತೈತಿ.

ವಾತಾವರಣಂತ. ಆಣಿ ಮಾಡ್ಯಾಳಲ್ಲ, ಅದನ್ನ ನಂಬಿ ಬಂದೆ, ಬ್ಯಾರೆ ಏನ ಓದಿದ್ರೂ ಅಪ್ಪಗ ತಿಳಿಯೂದಿಲ್ಲ, ಬಾರಿಸಿ ಶಾಲು ಹೊದ್ದು ಸಂಜಿ ಬಸ್ಸಿಗೆ ಹೋಗಿಬಿಡೂದು — ರವದಿ ಹತ್ತಿತು, ಅಪ್ಪ ಹಲಗಿ ತಿರಗಿಸಿ ತಿರಗಿಸಿ ಹಿಡದಾನ, ಒಳಗ ಯಾವನೋ ಮೈಕಿನ್ಯಾಗ, ಮೇಡಮ್, ಮುನ್ನುಡಿಯೊಳಗ ಅಷ್ಟು ಹೊಗಳ್ಯಾರಲ್ರಿ, ಆ ಕೆನ್ನಿ ಗುರುತಿನ ಭಾಗಾನ ಓದ್ರಿ, ಚಪ್ಪಾಳಿ, ಬ್ಯಾಡ ಅನ್ನು ಮಾನಂದಾ, ನನ್ನಾಣಿ ಐತಿ, ಹಾಳಿ ತಿರವೂ ಸಪ್ಪಳ, ಸಣ್ಣಗ ನಕ್ಕಳು, ಆತ್ರಿ ಅಂದ್ಲು, ಅದ ದನಿ, ತಣ್ಣೀರ ಪಟ್ಟಿ ದನಿ, ಮಸಿಕುಲದವನನ್ನು ಗುರುತಿಸುವುದು ಸುಲಭ, ಅವನ ಎಡಗೆನ್ನೆ ನೋಡಿ, ಕಾಯಿಸಿದ ತೊಗಲನ್ನು ಒತ್ತಿ ಒತ್ತಿ ಅಲ್ಲಿ ಚರ್ಮ ಸತ್ತಿರುತ್ತದೆ, ಅವನೊಳಗೆ ಕರುಣೆಯೂ ಹಾಗೆಯೇ ಸತ್ತಿರುತ್ತದೆ. ಮತ್ತ ಚಪ್ಪಾಳಿ. ಅಪ್ಪ ಊದೂದು ಬಿಟ್ಟ. ನನ್ನ ಕಡೆ ನೋಡಲಿಲ್ಲ, ಬೆಂಕೀನ ನೋಡಿದ, ಮಾನಂದಾ ಚೊಲೋ ಓದತಾಳ ಅಂದ, ಅಷ್ಟ ಅಂದ. ಈಗ ಹಲಗಿ ದುರ್ಗಪ್ಪನವರು ವೇದಿಕೆಗೆ ಬರಬೇಕು, ಕರಿಯಾಕತ್ತಾರ, ಬೆಂಕಿ ಮ್ಯಾಲಿಂದ ಹಲಗಿ ಎತ್ತಿದ, ಯಾವಾಗಲೂ ಎತ್ತೂ ಹಂಗ, ಎದಿ ಮಟ, ಗದ್ದದ ಮಟ, ಅಲ್ಲೇ ನಿಂತಿತು, ಹಲಗಿ ಕೆಳಗ ಇಳಿಸಿ ಅಂಗೈಲೆ ಒತ್ತಿ ನೋಡಿದ, ಸುಳ್ಳ ಹೇಳೂ ಅಂಗೈಲೆ, ಅಪ್ಪಾ ನಡಿ ಮನಿಗೆ ಹೋಗೂನು ಅನಬೇಕು, ಗದ್ದದ ಮಟ ಬಂದ ಹಲಗಿ, ಅಂಗೈ, ಕೆನ್ನಿಗೆ ಹಚ್ಚಲಿಲ್ಲ, ಅಪ್ಪ ಕೆನ್ನಿಗೆ ಹಚ್ಚಲಿಲ್ಲ