ಕಾಫಿ ಉಗಿಯುವ ಕೆಲಸ

ಶಿರಾಡಿ ಘಾಟಿ ಇಳಿದು ಮಂಗಳೂರು ಮುಟ್ಟುವಷ್ಟರಲ್ಲಿ ಶೀಲಾ ಬಸ್ಸಿನ ಕಿಟಕಿಯಿಂದ ಅರ್ಧ ಆಚೆಗೇ ಬಂದಿದ್ದಳು. ಗ್ಯಾಸ್ ಟ್ಯಾಂಕರುಗಳ ಸಾಲು, ನೀರು ಸುರಿಸುತ್ತ ಓಡುವ ಮೀನಿನ ಲಾರಿ, ಮಲ್ಲಿಗೆ ಮುಡಿದು ಗೋಡಂಬಿ ಫ್ಯಾಕ್ಟರಿಗೆ ಹೊರಟ ಹೆಂಗಸರು, ಒಂದೇ ಬೀದಿಯಲ್ಲಿ ನಾಲ್ಕು ಬ್ಯಾಂಕು, ಎರಡು ಆಸ್ಪತ್ರೆ, ಮೂರು ಐಸ್‌ಕ್ರೀಮ್ ಅಂಗಡಿ! ಸಿಟಿ ಬಸ್ಸಿನ ಕಂಡಕ್ಟರ್ ಬಸ್ಸು ನಿಲ್ಲುವ ಮೊದಲೇ ಹಾರುತ್ತಿದ್ದ, ಹೊರಟ ಮೇಲೆ ಹತ್ತುತ್ತಿದ್ದ. ಈ ಊರಲ್ಲಿ ಯಾರಿಗೂ ಪುರಸೊತ್ತಿಲ್ಲವಲ್ಲ ಎಂದು ಅವಳಿಗೆ ಖುಷಿಯೋ ಖುಷಿ.

ಬಂದರಿನ ಹತ್ತಿರ ಇಳಿದಾಗ ಗೋಡೆಯಾಚೆ ಹಡಗು ಕಂಡಿತು. "ಅವ್ವ, ನಮ್ಮ ವನಗೂರಿನ ಕಾಫಿ ಇದ್ರಲ್ಲೇ ಹೋಗೋದು ಕಣವ್ವ!"

"ನಾನ್ ಕುಯ್ದಿದ್ದೂ ಹೋಗ್‌ಬುಟ್ಟೈತಾ?" ಎಂದಳು ರಾಮಮ್ಮ. ಮೂವತ್ತು ವರ್ಷ ಎಸ್ಟೇಟಿನ ಕೂಲಿ ಲೈನಿನಲ್ಲಿದ್ದು ಕಾಫಿ ಹಣ್ಣು ಕುಯ್ದವಳು. ಒಂದು ಹಣ್ಣು ಕೆಳಗೆ ಬಿದ್ದರೂ ಬಗ್ಗಿ ಹೆಕ್ಕುವ ಹೆಂಗಸು. ಲೋಟದ ತಳದಲ್ಲಿ ಗುಟುಕು ಕಾಫಿ ಉಳಿಸಿದ್ದಕ್ಕೆ ಮಗಳಿಗೆ ಎಷ್ಟು ಸಲ ಬೈದಿದ್ದಾಳೋ ಲೆಕ್ಕವಿಲ್ಲ.

ಆ ಮಗಳಿಗೆ ಇವತ್ತು ಕಾಫಿ ಕಂಪನಿಯೊಂದರಲ್ಲಿ ರುಚಿ ನೋಡುವ ಕೆಲಸದ ಪರೀಕ್ಷೆ. ಸಿಕ್ಕರೆ ಈ ಊರು ಅವಳದು. ಇಲ್ಲವೆಂದರೆ ಸಂಜೆಯ ಬಸ್ಸು, ಮತ್ತೆ ಎಸ್ಟೇಟ್ ಸ್ಟೋರಿನಲ್ಲಿ ಕೂತು ಬೀಜ ಆರಿಸುವುದು.

ಕಂಪನಿಯ ಕೋಣೆಯಲ್ಲಿ ಮೇಜಿನ ಮೇಲೆ ಹಾಲು, ಸಕ್ಕರೆ ಇಲ್ಲದ ಹತ್ತು ಕಪ್ ಕಾಫಿ. ಒಂದರಲ್ಲಿ ಮಾತ್ರ ಕೆಟ್ಟ ಬೀಜ, ಅದನ್ನು ಹುಡುಕಬೇಕು. ಪಕ್ಕದಲ್ಲೊಂದು ಸ್ಟೀಲ್ ಪಾತ್ರೆ. ಕೈ ತೊಳೆಯಲು ಇಟ್ಟಿರಬೇಕು ಎಂದುಕೊಂಡ ಶೀಲಾ ಒಂದೊಂದೇ ಕಪ್ಪನ್ನು ತಳ ಕಾಣುವ ತನಕ ಕುಡಿದಳು. ಆರನೆಯದಕ್ಕೆ ಕಿವಿ ಬಿಸಿಯಾಯಿತು, ಎಂಟಕ್ಕೆ ಎದೆ ಡಬಡಬ ಹೊಡೆದುಕೊಂಡಿತು. ಕೊನೆಗೆ "ನಾಲ್ಕನೇದು" ಎಂದಳು. ತಪ್ಪು.

ಪರೀಕ್ಷೆ ಮಾಡುವ ನಯನಾ ಮೇಡಂ ತಲೆ ಮೇಲೆ ಕೈ ಹೊತ್ತರು. "ಎಂತ ಮಾರಾಯ್ತಿ, ಎಲ್ಲ ಕುಡಿದೇ ಬಿಟ್ಟೆಯಾ? ಒಂದು ಚಮಚ ಬಾಯಿಗೆ ಹಾಕಿ ಆ ಪಾತ್ರೆಗೆ ಉಗೀಬೇಕು! ಹೋಗಿ ಊಟ ಮಾಡಿ ಬಾ, ಇನ್ನೊಂದೇ ಸಲ ಕೊಡ್ತೇನೆ."

ಉಗಿಯುವ ವಿಷಯ ಅವ್ವನಿಗೆ ಹೇಳುತ್ತ ಉಂಡ ಕುಚ್ಚಲಕ್ಕಿ ಅನ್ನ, ಬಂಗುಡೆ ಮೀನಿನ ಸಾರು ಇಳಿದ ಮೇಲೆ ಎದೆಬಡಿತ ಹದಕ್ಕೆ ಬಂತು. ಮೇಜಿನ ಮೇಲೆ ಮತ್ತೆ ಹೊಸ ಹತ್ತು ಕಪ್; ಈ ಸಲ ರಾಮಮ್ಮನೂ ಒಳಗೆ ಬಂದು ಬಾಗಿಲ ಬಳಿಯ ಬೆಂಚಿನ ಮೇಲೆ ಕೂತಳು. ಅಲ್ಲೇ ಬಂತು ನೋಡಿ ಗ್ರಹಚಾರ! ಶೀಲಾ ಚಮಚ ಬಾಯಿಗಿಟ್ಟಳು, ಪಾತ್ರೆ ನೋಡಿದಳು, ಅವ್ವನ ಜಡ್ಡುಗಟ್ಟಿದ ಬೆರಳು ನೋಡಿದಳು, ನುಂಗಿಬಿಟ್ಟಳು. ಎರಡನೆಯದನ್ನೂ ನುಂಗಿದಳು. ನಯನಾ ಮೇಡಂ ಪೆನ್ನು ಕೆಳಗಿಟ್ಟರು.

ರಾಮಮ್ಮ ದಡಕ್ಕನೆ ಎದ್ದಳು. "ಉಗಿಯೇ ಶೀಲಾ! ನಾನ್ ಕುಯ್ದಿದ್ದೇ ಆದ್ರೂ ಉಗಿ! ಹೆಕ್ಕಿದ್ದು ಸಾಕು ಕಣೇ, ಉಗ್ದ್‌ಬುಡು!"

ಶೀಲಾಳ ಕಣ್ಣು ತುಂಬಿತು. ಮೂರನೆಯ ಚಮಚವನ್ನು ಕೋಣೆಗೆಲ್ಲ ಕೇಳುವಂತೆ ಉಗಿದಳು. ಆಮೇಲೆ ನಾಲ್ಕು, ಐದು, ಆರು. ಏಳನೆಯದಕ್ಕೆ ನಾಲಿಗೆ ಗಕ್ಕನೆ ನಿಂತಿತು. ಸ್ಟೋರಿನಲ್ಲಿ ಎಷ್ಟೋ ಸಲ ಮೂಗಿಗೆ ಬಡಿದ ವಾಸನೆ.

"ಇದು, ಮೇಡಂ! ಒದ್ದೆ ಗೋಣೀಲಿ ಕಟ್ಟಿಟ್ಟ ಬೀಜ."

"ಸೋಮವಾರದಿಂದ ಬಾ," ಎಂದರು ನಯನಾ ಮೇಡಂ. ಶೀಲಾ ನಿಂತಲ್ಲೇ ಕುಣಿದಳು. ಮೇಡಂ ಹಾಲು ಹಾಕಿದ ಬಿಸಿ ಕಾಫಿ ತರಿಸಿ ರಾಮಮ್ಮನ ಕೈಗಿಟ್ಟರು.

ರಾಮಮ್ಮ ಲೋಟ ಹಿಡಿದು, ಸ್ಟೀಲ್ ಪಾತ್ರೆಯ ಕಡೆ ಒಮ್ಮೆ ನೋಡಿ ಕೇಳಿದಳು: "ಇದ್ನ ಕುಡೀಬೋದೇನವ್ವ, ಇದ್ನೂ ಉಗೀಬೇಕಾ?"